ಸುಗಂಧರಾಜದ ಗಡ್ಡೆಯೂ ನಮ್ಮ ಎರೆಯ ನೆಲವೂ

ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಗಳ ಎರೆಯ ನೆಲದಲ್ಲಿ ಜೋಳವೂ ಹತ್ತಿಯೂ ಬೆಳೆಯುವುವೇ ಹೊರತು ಹೂದೋಟವು ಆಗದೆಂದು ಅನೇಕರು ಹೇಳುವುದುಂಟು. ಈ ಮಾತನ್ನು ನಾವು ಒಪ್ಪಲಾರೆವು. ತಪ್ಪು ನೆಲದ್ದಲ್ಲ, ನೆಲದ ಗುಣವನ್ನರಿಯದೆ ನೀರೆರೆಯುವ ನಮ್ಮದು.

ಚಿತ್ರಪಟಗಳಲ್ಲಿ ಕಾಣುವ ಶೀತದೇಶದ ಲಿಲಿಗೆ ಚಳಿಗಾಲದ ವಿಶ್ರಾಂತಿಯು ಬೇಕು. ಅದನ್ನು ನಮ್ಮ ಬಿಸಿಲಿನಲ್ಲಿ ನಟ್ಟು, ಬಾಡಿತೆಂದು ಮರುಗುವುದು ಸಲ್ಲದು. ಅದರಂತೆಯೇ ಗಡ್ಡೆಯಿಂದ ಹುಟ್ಟಿ ವರುಷ ವರುಷವೂ ಚಿಗುರುವ ಸುಗಂಧರಾಜವು ನಮಗುಂಟಷ್ಟೆ. ಇದರ ತವರು ದೂರದ ಮೆಕ್ಸಿಕೋ ದೇಶ. ಆದರೂ ಸೆಕೆಗೆ ಅಂಜುವ ಗಿಡವಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಇದರಲ್ಲಿ ಹಲವು ತಳಿಗಳನ್ನು ಕೊಟ್ಟಿರುವರು. ಮಾಲೆಗೆ ಒಂಟಿ ಸುತ್ತಿನ ಶೃಂಗಾರವೂ ಹೂದಾನಿಗೆ ಜೋಡು ಸುತ್ತಿನ ಸುವಾಸಿನಿಯೂ ತಕ್ಕವು.

ಎರೆಮಣ್ಣು ನೀರನ್ನು ಬಹುಕಾಲ ಹಿಡಿದಿಡುವುದು. ಗಡ್ಡೆಗೆ ನಿಂತ ನೀರೇ ಮೃತ್ಯು. ಆದಕಾರಣ ಒಂದು ಗೇಣು ಎತ್ತರದ ಮಡಿಯನ್ನು ಕಟ್ಟಿ, ಮರಳನ್ನೂ ಚೆನ್ನಾಗಿ ಕೊಳೆತ ಸಗಣಿಗೊಬ್ಬರವನ್ನೂ ಬೆರೆಸಬೇಕು. ಗಡ್ಡೆಗಳನ್ನು 2 ಅಂಗುಲದ ಆಳದಲ್ಲಿ, ಗೇಣಿಗೊಂದರಂತೆ ಊರಬೇಕು. ಮಣ್ಣಿನಲ್ಲಿ ಬೆರಳಿಟ್ಟು ನೋಡಿ, ಒಣಗಿದ್ದರೆ ಮಾತ್ರ ನೀರು. 3–4 ತಿಂಗಳಲ್ಲಿ ಹೂದಂಡೆಯು ಏಳುವುದು. 3 ವರುಷವಾದ ಮೇಲೆ ಅಗೆದು, ಮರಿಗಡ್ಡೆಗಳನ್ನು ಬಿಡಿಸಿ ಬೇರೆ ಕಡೆ ನಡಬೇಕು. ಬೇಲಿಗೆ ಹಬ್ಬುವ ಅಗ್ನಿಶಿಖೆಯೂ ಲಿಲಿಯಂತೆ ಚೆಲುವಾದುದೇ. ಆದರೆ ಅದರ ಗಡ್ಡೆಯು ಘೋರ ವಿಷ. ಮಕ್ಕಳಿರುವ ಮನೆಯ ಅಂಗಳದಲ್ಲಿ ಅದು ಕೂಡದು.

ಹೂವಿನ ಮಾತು ಅಲ್ಪವೆಂದು ತಂದೆತಾಯಿಗಳು ಎಣಿಸಬಾರದು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿಯಲಾರಂಭಿಸಿತು. ಎಡದಂಡೆ ಕಾಲುವೆಯಿಂದ ಸಿಂಧನೂರು ಸೀಮೆಯು ಭತ್ತದ ಕಣಜವಾಯಿತು. ಆದರೆ ನೀರು ಮಿತಿಮೀರಿ, ಬಸಿದು ಹೋಗಲು ದಾರಿಯಿಲ್ಲದ ಕಡೆ ಒಳ್ಳೆಯ ಹೊಲಗಳೇ ಸವಳು ಜವಳಾದುವು. ಹೆಚ್ಚು ನೀರೆಂದರೆ ಹೆಚ್ಚು ಬೆಳೆಯೆಂಬ ಭ್ರಮೆಯೇ ಅಂಗಳದಲ್ಲಿ ಗಡ್ಡೆಯನ್ನೂ ಬಯಲಿನಲ್ಲಿ ಭೂಮಿಯನ್ನೂ ಕೆಡಿಸುವುದು. ಒಂದು ಮಡಿಯಲ್ಲಿ ನೀರಿನ ಹದವನ್ನು ಕಲಿತ ಹುಡುಗಿಯು ನಾಳೆ ಹೊಲದ ವಿಚಾರದಲ್ಲಿಯೂ ವಿವೇಕದ ಮಾತನ್ನಾಡಬಲ್ಲಳು. ಆಗ ಮನೆಯವರು ಕಿವಿಗೊಡಬೇಕು.

ಆದುದರಿಂದ ತಂದೆತಾಯಿಗಳು ಮಗಳಿಗೆ ಅಂಗಳದಲ್ಲಿ ಮೂರು ಮೊಳ ನೆಲವನ್ನು ಬಿಟ್ಟುಕೊಡಲಿ; ಅದರ ಲಾಭನಷ್ಟವೆಲ್ಲ ಅವಳದೇ ಆಗಿರಲಿ. ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರೇ, ನಿಮ್ಮ ಮಡಿಯ ಮರಿಗಡ್ಡೆಗಳನ್ನು ಮಾರದೆ, ನೆರೆಮನೆಯ ಹುಡುಗಿಯರಿಗೆ ಹಂಚಿರಿ. ಗಡ್ಡೆಯೊಡನೆ ನೀರಿನ ಮಿತಿಯನ್ನೂ ಹೇಳಿಕೊಡಲು ಮರೆಯದಿರಿ.