ರಕ್ತದ ಕಬ್ಬಿಣಾಂಶವೂ ಬೆಳಗಿನ ಎರಡು ಗಂಟೆಯೂ

ಮೆಟ್ಟಿಲು ಹತ್ತಿದರೆ ಏದುಸಿರು, ಊಟದ ಗಲಾಟೆ ಮುಗಿಯುವ ಮೊದಲೇ ಕಣ್ಣು ಕತ್ತಲೆ. ಇದಕ್ಕೆ ನಮ್ಮ ಹೋಟೆಲು ಕಾರ್ಮಿಕರೂ ಗುಮಾಸ್ತ ಬಂಧುಗಳೂ ಕಂಡುಕೊಂಡಿರುವ ಪರಿಹಾರವೆಂದರೆ ಔಷಧದಂಗಡಿಯ ಟಾನಿಕ್ಕಿನ ಬಾಟಲಿ. ರಕ್ತ ಕಡಿಮೆಯಾಗಿರುವುದು ನಿಜವಿರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಗಂಡಸರಲ್ಲಿ ನೂರಕ್ಕೆ 25 ಮಂದಿಯೂ ಹೆಂಗಸರಲ್ಲಿ 57 ಮಂದಿಯೂ ರಕ್ತಹೀನರೆಂದು ಕಂಡುಬಂದಿತು. ಆದರೆ ರಕ್ತಹೀನತೆಗೆಲ್ಲ ಕಬ್ಬಿಣದ ಕೊರತೆಯೊಂದೇ ಕಾರಣವಲ್ಲ.

ಇದನ್ನು ತಿಳಿಯುವ ಸಾಧನವಿದೆ. ರಕ್ತದ ಸೀರಂನಲ್ಲಿ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ಕಬ್ಬಿಣವನ್ನು ಹೊತ್ತು ತಿರುಗುತ್ತದೆ. ಅದನ್ನು ಮಾಣಿಯೆಂದು ಭಾವಿಸಿದರೆ, ಪರೀಕ್ಷೆಯಲ್ಲಿ ಅಳೆಯುವುದು ಎರಡನ್ನು: ಮಾಣಿಗಳ ಕೈಯಲ್ಲಿ ಈಗಿರುವ ತಟ್ಟೆಗಳೆಷ್ಟು, ಎಲ್ಲರೂ ಸೇರಿ ಹೊರಬಲ್ಲ ತಟ್ಟೆಗಳೆಷ್ಟು. ಮೊದಲನೆಯದು ಸೀರಂ ಕಬ್ಬಿಣ. ಡೆಸಿಲೀಟರಿಗೆ ಸುಮಾರು 60ರಿಂದ 170 ಮೈಕ್ರೋಗ್ರಾಂ ಇರಬೇಕು. ಎರಡನೆಯದು ಕಬ್ಬಿಣವನ್ನು ಹಿಡಿಯುವ ಒಟ್ಟು ಸಾಮರ್ಥ್ಯ, ಅಂದರೆ ಟಿ.ಐ.ಬಿ.ಸಿ.; ಸುಮಾರು 250ರಿಂದ 450.

ಉಗ್ರಾಣ ಬರಿದಾದಾಗ ಯಕೃತ್ತು ಇನ್ನಷ್ಟು ಮಾಣಿಗಳನ್ನು ನೇಮಿಸುತ್ತದೆ (ಯಾವ ಮಾಲೀಕನೂ ಮಾಡದ ಕೆಲಸವಿದು!). ಆಗ ಕಬ್ಬಿಣ ಇಳಿದು ಸಾಮರ್ಥ್ಯ ಏರುತ್ತದೆ. ಕ್ಷಯದಂತಹ ದೀರ್ಘ ಸೋಂಕಿನಲ್ಲಿಯಾದರೋ ಶರೀರವು ಉಗ್ರಾಣಕ್ಕೆ ಬೀಗ ಹಾಕುತ್ತದೆ. ಕಬ್ಬಿಣ ಇಳಿದರೂ ಸಾಮರ್ಥ್ಯ ಏರದೆ, ಸಾಮಾನ್ಯವಾಗಿ ತಗ್ಗಿಯೇ ಇರುತ್ತದೆ. ಹೊರಗೆ ಕಾಣುವ ಆಯಾಸ ಮಾತ್ರ ಇಬ್ಬರದೂ ಒಂದೇ. ಎರಡನೆಯವನು ಟಾನಿಕ್ಕು ಕುಡಿಯುತ್ತ ತಿಂಗಳುಗಳನ್ನು ಕಳೆದರೆ ರೋಗ ಬಲಿಯುವುದಲ್ಲದೆ, ಅದೇ ಖೋಲಿಯಲ್ಲಿ ಮಲಗುವ ಸಂಗಡಿಗರಿಗೂ ಹರಡೀತು. ಮೊದಲನೆಯವನಿಗೂ ಮಾತ್ರೆಯೊಂದೇ ಸಾಲದು. ರಕ್ತ ಸೋರುತ್ತಿರುವುದು ಮೂಲವ್ಯಾಧಿಯಿಂದಲೋ ಹೊಟ್ಟೆಹುಣ್ಣಿನಿಂದಲೋ ಕೊಕ್ಕೆಹುಳುವಿನಿಂದಲೋ, ಕರುಳಿನ ಕ್ಯಾನ್ಸರಿನಿಂದಲೋ ಎಂದು ವೈದ್ಯರು ಹುಡುಕಬೇಕಾಗುತ್ತದೆ. ಊಟದ ಜತೆಗೇ ಚಹ ಕುಡಿಯುವ ನಮ್ಮವರ ಅಭ್ಯಾಸದಿಂದ ಸೊಪ್ಪು-ಬೇಳೆಗಳ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯೆಂಬುದೂ ನೆನಪಿರಲಿ.

ತೊಡಕಿರುವುದು ಬೇರೆ ಕಡೆ. ಸೀರಂ ಕಬ್ಬಿಣವು ದಿನದೊಳಗೇ ಏರಿಳಿಯುವುದರಿಂದ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ರಕ್ತ ಕೊಡುವುದು ವಾಡಿಕೆ. ಹೋಟೆಲಿನಲ್ಲಿ ಇಡ್ಲಿ-ಕಾಫಿಯ ನೂಕುನುಗ್ಗಲೂ ಆಗಲೇ! ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಬಂದ ನಮಗೆ ಆ ಹೊತ್ತಿನ ಬೆಲೆ ಗೊತ್ತಿಲ್ಲದಿಲ್ಲ. ಮಧ್ಯಾಹ್ನ ಹೋಗೆಂದು ಹುಡುಗನನ್ನು ತಡೆಯುವ ಮಾಲೀಕರನ್ನೂ ನಾವು ಬಲ್ಲೆವು. ಆದರೂ ವೈದ್ಯರ ಚೀಟಿ ತಂದವನಿಗೆ ಬೆಳಗಿನ ಎರಡು ಗಂಟೆಯ ಬಿಡುವನ್ನು ಸಂಬಳ ಮುರಿದುಕೊಳ್ಳದೆ ಕೊಡಬೇಕೆಂದು ಮಾಲೀಕ ಮಹನೀಯರನ್ನು ನಾವು ಆಗ್ರಹಪೂರ್ವಕವಾಗಿ ಕೇಳಿಕೊಳ್ಳುತ್ತೇವೆ. ಇ.ಎಸ್.ಐ. ಸೌಲಭ್ಯವುಳ್ಳ ಕಾರ್ಮಿಕರು ಅಲ್ಲಿಯ ವೈದ್ಯರನ್ನು ಮೊದಲು ಕಾಣಲಿ. ಕಬ್ಬಿಣದ ಮಾತ್ರೆ ನುಂಗುತ್ತಿದ್ದರೆ ಪರೀಕ್ಷೆಗೆ ಮುಂಚೆಯೇ ಅದನ್ನು ತಿಳಿಸಲಿ.