ಭಾನುವಾರದ ಗಲ್ಲಾಪೆಟ್ಟಿಗೆ

ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ನಮ್ಮ ಮಡಿಕೇರಿ ಪೇಟೆಯಲ್ಲಿ ಐದು ನಿಮಿಷ ನಿಂತು ನೋಡಬೇಕು ಸೋದರಿಯರೆ! ಬೆಂಗಳೂರಿನ ಕಾರು, ಮೈಸೂರಿನ ಕಾರು, ಕೇರಳದ ಬಸ್ಸು. ಹೋಟೆಲುಗಳ ಬಾಗಿಲಲ್ಲಿ ಊಟಕ್ಕೆ ಕಾದು ನಿಂತವರ ಸಾಲು. ತರಕಾರಿ ಚೀಲ ಹಿಡಿದ ನಮ್ಮಂಥವರು ರಸ್ತೆ ದಾಟುವುದೇ ಒಂದು ಸಾಹಸ. ಇದನ್ನು ಕಂಡ ಯಾರಿಗಾದರೂ ಅನ್ನಿಸದೆ ಇರದು, ಇಲ್ಲೊಂದು ಹೋಟೆಲು ಹಾಕಿಬಿಟ್ಟರೆ ಸಾಕು, ಮೂರು ತಲೆಮಾರು ಕೂತು ಉಣ್ಣಬಹುದು ಅಂತ.

ಹೋದ ತಿಂಗಳು ನನ್ನ ಹಿರೀ ಮಗನಿಗೂ ಹಾಗೇ ಅನ್ನಿಸಿತು. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಮುಗಿಸಿ ಮನೆಗೆ ಬಂದಿದ್ದಾನೆ. ರಾಜಾಸೀಟಿಗೆ ಹೋಗುವ ದಾರಿಯಲ್ಲಿ ಒಂದು ಮಳಿಗೆ ಖಾಲಿ ಇದೆಯಂತೆ, ಅಡ್ವಾನ್ಸ್ ಬೇಗ ಕೊಡಬೇಕಂತೆ. ಊಟ ಮಾಡುತ್ತಾ ಮಾಡುತ್ತಾ, ಸಾರಿನ ಕಡೆಗೇ ನೋಡಿಕೊಂಡು, "ಅಮ್ಮಾ, ನಿನ್ನ ಬಳೆ ಒಂದು ವರ್ಷದ ಮಟ್ಟಿಗೆ ಕೊಟ್ರೆ..." ಅಂದ.

ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕೈ ತೊಳೆದು ಒಳಗೆ ಹೋಗಿ ಬೀರುವಿನ ತಳದಿಂದ ಒಂದು ಹಳೇ ಲಾಂಗ್ ಬುಕ್ಕು ತೆಗೆದು ತಂದೆ. ನನ್ನ ತವರಿನ ಆ ಎರಡು ಬಳೆಗಳಿಗೆ ಬ್ಯಾಂಕಿನ ದಾರಿ ಮೊದಲೇ ಗೊತ್ತು. ಆ ಕಥೆ ಈ ಪುಸ್ತಕದಲ್ಲಿದೆ.

ನನ್ನ ಮೈದುನ ಮೈಸೂರಿನ ಹೋಟೆಲುಗಳಲ್ಲಿ ದುಡಿದು ಕೆಲಸ ಕಲಿತವನು. 2017ರ ಮೇ ತಿಂಗಳಲ್ಲಿ ರಜೆಗೆ ಊರಿಗೆ ಬಂದವನು ಇಲ್ಲಿನ ಜನಜಂಗುಳಿ ನೋಡಿ ಮರುಳಾದ. ದಸರಾ ಕಳೆದ ಮೇಲೆ ಅಕ್ಟೋಬರಿನಲ್ಲಿ ಅಂಗಡಿಗೆ ಬಾಗಿಲು ಪೂಜೆ ಆಯಿತು. ವಾರಗಿತ್ತಿಯ ಕೈರುಚಿ, ಮೈದುನನ ಅನುಭವ, ನನ್ನ ಬಳೆ. ಹೈಸ್ಕೂಲಿನಲ್ಲಿ ನನಗೆ ಲೆಕ್ಕದಲ್ಲಿ ಒಳ್ಳೇ ಅಂಕ ಬರುತ್ತಿತ್ತು ಅನ್ನುವ ಒಂದೇ ಕಾರಣಕ್ಕೆ ಜಮಾಖರ್ಚು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ದಿನಾ ರಾತ್ರಿ ಎಷ್ಟು ಊಟ ಹೋಯಿತು, ಎಷ್ಟು ತಿಂಡಿ, ಎಷ್ಟು ಚೆಲ್ಲಿತು, ಎಲ್ಲ ಬರೆದಿಟ್ಟೆ.

ಕ್ರಿಸ್ಮಸ್ ರಜೆಯ ಒಂದು ದಿನ 160 ಊಟ! ಗಲ್ಲಾಪೆಟ್ಟಿಗೆ ಮುಚ್ಚಲು ಆಗುತ್ತಿರಲಿಲ್ಲ. ಅದೇ ಪುಸ್ತಕದಲ್ಲಿ ಜನವರಿಯ ಒಂದು ಮಂಗಳವಾರ, 14 ಊಟ. ಮುಂದೆ ಜುಲೈನ ಒಂದು ಮಂಗಳವಾರ, 6. ಅದರಲ್ಲೂ ಒಂದು ನಮ್ಮ ಯಜಮಾನರದು, ತಮ್ಮನ ಮುಖ ನೋಡಲಾಗದೆ ಮನೆಯ ಊಟ ಬಿಟ್ಟು ಅಲ್ಲಿ ಉಂಡು ದುಡ್ಡು ಕೊಟ್ಟು ಬಂದಿದ್ದರು.

ನೀವೇ ಲೆಕ್ಕ ಹಾಕಿ ನೋಡಿ. ವರ್ಷಕ್ಕೆ ಶನಿವಾರ ಭಾನುವಾರ ಸೇರಿ 104 ದಿನ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಳೆ. ಮಳೆ ಅಂದರೆ ಬಯಲುಸೀಮೆಯ ಮಳೆಯಲ್ಲ, ವರ್ಷಕ್ಕೆ ನೂರು ಇಂಚು ಮೀರಿ ಸುರಿಯುವಂಥದ್ದು. ಜಲಪಾತ ನೋಡಲು ಬರುವ ಹುಡುಗರನ್ನು ಬಿಟ್ಟರೆ ಸಂಸಾರವಂದಿಗರು ಆಗ ಬರುವುದು ಕಮ್ಮಿ. ಆ ನಾಲ್ಕು ತಿಂಗಳು ಕಳೆದರೆ ಉಳಿಯುವುದು 70 ದಿನ. ದಸರಾ, ಕ್ರಿಸ್ಮಸ್, ಬೇಸಿಗೆ ರಜೆಯ ನಡುವಾರಗಳನ್ನು ಸೇರಿಸಿಕೊಂಡರೂ ನನ್ನ ಪುಸ್ತಕದಲ್ಲಿ ಬೆಂಚು ತುಂಬಿದ ದಿನಗಳು 110 ದಾಟಲಿಲ್ಲ. ಬಾಡಿಗೆ ಮಾತ್ರ ಹನ್ನೆರಡೂ ತಿಂಗಳು. ಆ ಬಾಡಿಗೆಯನ್ನು ಮಾಲೀಕರು ಗೊತ್ತುಮಾಡುವುದು ಮೇ ತಿಂಗಳ ಜನ ನೋಡಿ, ಜುಲೈನ ರಸ್ತೆ ನೋಡಿ ಅಲ್ಲ!

ಇನ್ನು ಪ್ರವಾಸಿಗಳು ಎಲ್ಲಿ ಉಣ್ಣುತ್ತಾರೆ ಅನ್ನುವುದು. ಕೊಡಗಿಗೆ ರೈಲಿಲ್ಲ, ಎಲ್ಲರೂ ರಸ್ತೆಯಲ್ಲೇ ಬರಬೇಕು. ಬೆಳಗಿನ ಜಾವ ಬೆಂಗಳೂರು ಬಿಟ್ಟವರು ಮೈಸೂರು ರಸ್ತೆಯಲ್ಲಿ ತಿಂಡಿ ಮುಗಿಸುತ್ತಾರೆ. ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್, ನಿಸರ್ಗಧಾಮ, ದುಬಾರೆಯ ಆನೆ ಇವೆಲ್ಲ ಸಿಗುವುದು ಕುಶಾಲನಗರದ ಸುತ್ತಮುತ್ತ, ನಮಗಿಂತ ಸುಮಾರು 30 ಕಿಲೋಮೀಟರ್ ಕೆಳಗೆ. ಅಷ್ಟರಲ್ಲಿ ಮಕ್ಕಳಿಗೆ ಹಸಿವು, ಊಟವೂ ಅಲ್ಲೇ. ಬೆಟ್ಟ ಹತ್ತಿ ಮಡಿಕೇರಿಗೆ ಬರುವಾಗ ಗಂಟೆ ನಾಲ್ಕು. ರಾಜಾಸೀಟಿನಲ್ಲಿ ಸೂರ್ಯಾಸ್ತ ನೋಡಿ ಹೋಂಸ್ಟೇಗೆ ಹೋದರೆ ರಾತ್ರಿಯ ಊಟ, ಬೆಳಗಿನ ತಿಂಡಿ ಎರಡೂ ಅಲ್ಲಿಯೇ. ನಮ್ಮ ಬೆಂಚಿಗೆ ಉಳಿದದ್ದೇನು? ಒಂದು ಟೀ, ಒಂದು ಪ್ಲೇಟು ಬಜ್ಜಿ, ಮತ್ತೆ "ಇಲ್ಲಿ ಬಾತ್‌ರೂಮ್ ಇದೆಯಾ?" ಅನ್ನುವ ಪ್ರಶ್ನೆ. ನಿಜವಾದ ವ್ಯಾಪಾರ ಅಂದರೆ ಭಾನುವಾರ ಊರಿಗೆ ಹೊರಡುವ ಮುಂಚಿನ ಆ ಒಂದು ಮಧ್ಯಾಹ್ನದ ಊಟ. ಆಗ ಎಲ್ಲರಿಗೂ ಒಟ್ಟಿಗೇ ಹಸಿವು, ಎಲ್ಲರಿಗೂ ಅವಸರ. ಇದ್ದ ಎಂಟು ಟೇಬಲ್ಲಿಗೆ ಎಷ್ಟು ಜನ ಹಿಡಿಸೀತು? ಕಾರು ನಿಲ್ಲಿಸಲು ಜಾಗ ಸಿಗದೆ ಮುಂದೆ ಹೋದವರೇ ಹೆಚ್ಚು.

ಹೋಂಸ್ಟೇಯ ಮಾತು ಬಂತಲ್ಲ, ಅಲ್ಲಿ ಅಡುಗೆ ಮಾಡುವವರೂ ನಮ್ಮಂಥ ಹೆಂಗಸರೇ. ನನ್ನ ಗೆಳತಿಯರಲ್ಲೇ ಮೂವರು ನಡೆಸುತ್ತಾರೆ. ಮನೆ ಸ್ವಂತದ್ದು, ಬಾಡಿಗೆಯಿಲ್ಲ. ಭಟ್ಟರಿಲ್ಲ, ಸಂಬಳವಿಲ್ಲ. ಎಷ್ಟು ಜನ ಬರುತ್ತಾರೆ ಅಂತ ಹಿಂದಿನ ದಿನವೇ ಗೊತ್ತು, ಅಷ್ಟಕ್ಕೇ ಅಕ್ಕಿ ತೊಳೆದರಾಯಿತು. ಹೋಟೆಲಿನವನು ಅವರ ಜೊತೆ ಪೈಪೋಟಿ ಮಾಡುವುದು ಹೇಗೆ? ಆದರೆ ಒಂದು ಮಾತು ಹೇಳಿಬಿಡುತ್ತೇನೆ, ಹೋಂಸ್ಟೇಯಲ್ಲಿ ಊಟ ಅಗ್ಗ ಅನ್ನುತ್ತಾರಲ್ಲ, ಬೆಳಗ್ಗೆ ಐದಕ್ಕೆ ಎದ್ದು ರಾತ್ರಿ ಹನ್ನೊಂದಕ್ಕೆ ಪಾತ್ರೆ ಕವುಚಿ ಹಾಕುವ ಆ ಹೆಂಗಸಿನ ಕೂಲಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಡಿದು ನೋಡಲಿ, ಆಮೇಲೆ ಅಗ್ಗವೋ ತುಟ್ಟಿಯೋ ಹೇಳಲಿ. ಇರಲಿ.

ಹೋಟೆಲಿಗೆ ಕೆಲಸದವರು ಸಿಗುವುದು ಇನ್ನೊಂದು ಗೋಳು. ಮಳೆಗಾಲದಲ್ಲಿ ಕೆಲಸವಿಲ್ಲ ಅಂತ ಕಳಿಸಿದರೆ ಅಕ್ಟೋಬರಿಗೆ ವಾಪಸು ಬರುವುದಿಲ್ಲ. ಇಟ್ಟುಕೊಂಡರೆ ಆರು ಊಟಕ್ಕೆ ನಾಲ್ಕು ಜನರ ಸಂಬಳ. ಇನ್ನು ಡಿಸೆಂಬರ್ ಬಂತೋ, ನಮ್ಮಲ್ಲಿ ಕಾಫಿ ಕೊಯ್ಲು ಶುರು. ಅರೇಬಿಕಾ ಮುಗಿಯುವಷ್ಟರಲ್ಲಿ ರೊಬಸ್ಟಾ. ಪಾತ್ರೆ ತೊಳೆಯುವ ಹೆಂಗಸರು, ತರಕಾರಿ ಹೆಚ್ಚುವ ಹುಡುಗರು ಎಲ್ಲ ತೋಟಕ್ಕೆ. ಅಲ್ಲಿ ಕೊಯ್ದ ಕಿಲೋಗೆ ಇಷ್ಟು ಅಂತ ಕೈಗೆ ದುಡ್ಡು ಸಿಗುವಾಗ ನಮ್ಮ ಎಂಜಲು ತಟ್ಟೆ ಯಾರಿಗೆ ಬೇಕು? ಪ್ರವಾಸಿಗಳು ಮುಗಿಬೀಳುವುದೂ ಆಗಲೇ. ಆ ಕ್ರಿಸ್ಮಸ್ ವಾರ 160 ಊಟದ ತಟ್ಟೆ ತೊಳೆದವರು ನಾನು ಮತ್ತು ವಾರಗಿತ್ತಿ.

ಇಲ್ಲಿನ ಹವೆಯೂ ಅಡುಗೆಮನೆಗೆ ಒಗ್ಗಬೇಕಲ್ಲ! ಬಯಲುಸೀಮೆಯಿಂದ ಬಂದವಳು ನಾನು, ಮೊದಲ ಮಳೆಗಾಲದಲ್ಲೇ ಪಾಠ ಕಲಿತೆ. ಜುಲೈ ತಿಂಗಳಲ್ಲಿ ಉಪ್ಪು ನೀರಾಗುತ್ತದೆ, ಹಪ್ಪಳ ಬಟ್ಟೆಯ ಹಾಗೆ ಬಗ್ಗುತ್ತದೆ, ಇಡ್ಲಿ ಹಿಟ್ಟು ರುಬ್ಬಿಟ್ಟರೆ ಬೆಳಗ್ಗೆಗೆ ಇಟ್ಟ ಹಾಗೇ ಕೂತಿರುತ್ತದೆ. ಮನೆಯಲ್ಲಾದರೆ ಬೆಚ್ಚಗಿನ ನೀರಿನಲ್ಲಿ ರುಬ್ಬಿ, ಒಂದಿಷ್ಟು ಮೆಂತ್ಯ ಹೆಚ್ಚಿಗೆ ಹಾಕಿ, ಪಾತ್ರೆಗೆ ಕಂಬಳಿ ಸುತ್ತಿ ಒಲೆಯ ಪಕ್ಕ ಇಡಬಹುದು. ಹೋಟೆಲಿನ ಕೊಳಗಕ್ಕೆ ಎಷ್ಟು ಕಂಬಳಿ ಸುತ್ತುತ್ತೀರಿ? ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ಒಮ್ಮೊಮ್ಮೆ ಎರಡು ದಿನ ಬರುವುದಿಲ್ಲ. ಫ್ರಿಜ್ಜಿನಲ್ಲಿದ್ದದ್ದು ತಿಪ್ಪೆಗೆ. ಹೋಟೆಲಿಗೆ ಮನೆಯ 14.2 ಕೆ.ಜಿ. ಸಿಲಿಂಡರ್ ಉರಿಸುವಂತಿಲ್ಲ, 19 ಕೆ.ಜಿ.ಯ ವಾಣಿಜ್ಯ ಸಿಲಿಂಡರೇ ಆಗಬೇಕು. ಗಿರಾಕಿ ಇರಲಿ ಬಿಡಲಿ ಒಲೆ ಉರಿಯುತ್ತಲೇ ಇರಬೇಕು.

ಮೈದುನ ಮಾಡಿದ ತಪ್ಪೂ ಇತ್ತು, ಅದನ್ನು ಹೇಳದಿದ್ದರೆ ಲೆಕ್ಕ ಸರಿಯಾಗುವುದಿಲ್ಲ. ಮೊದಲು ಹನ್ನೆರಡು ಬಗೆ ಮಾಡುತ್ತಿದ್ದರು. ಬಂದವರು "ಪನೀರ್ ಇಲ್ವಾ? ಗೋಬಿ ಮಂಚೂರಿ ಇಲ್ವಾ? ಪಂದಿ ಕರಿ ಇಲ್ವಾ?" ಅನ್ನತೊಡಗಿದರು. ಪಟ್ಟಿ ಮೂರು ಪುಟಕ್ಕೆ ಬೆಳೆಯಿತು. "ಅತ್ತಿಗೆ, ಕೇಳಿದ್ದು ಇಲ್ಲ ಅಂದ್ರೆ ಗಿರಾಕಿ ಎದ್ದು ಹೋಗ್ತಾರೆ" ಅಂತ ಅವನ ವಾದ. ಮೈಸೂರಿನಿಂದ ತರಿಸಿದ ಪನೀರು ಭಾನುವಾರ ಸಾಲುತ್ತಿರಲಿಲ್ಲ, ಮಂಗಳವಾರ ಹುಳಿಯಾಗುತ್ತಿತ್ತು. ಚೆಲ್ಲಿದ್ದರ ಕಾಲಮ್ಮಿನಲ್ಲಿ ನನ್ನ ಕೈ ಬರೆದು ಬರೆದು ಸೋತಿತು. ಆ ಊರಿನವರಿಗೆ ಬೇಕು ಅಂತ ದರ ಏರಿಸಿದ್ದರಿಂದ ಈ ಊರಿನವರು ಹತ್ತಿರ ಬರಲಿಲ್ಲ. ಮಡಿಕೇರಿ ಜಿಲ್ಲಾಕೇಂದ್ರ ನೋಡಿ. ಕಚೇರಿಗಳಿವೆ, ಕೋರ್ಟಿದೆ, ಬಸ್‌ಸ್ಟ್ಯಾಂಡಿದೆ, ಶುಕ್ರವಾರದ ಸಂತೆಯಿದೆ. ಮಳೆಯಲ್ಲೂ ಚಳಿಯಲ್ಲೂ ಹಸಿದು ಬರುವವರು ಅವರೇ. ಇಲ್ಲಿ ವರ್ಷಾನುಗಟ್ಟಲೆ ನಿಂತ ಹೋಟೆಲುಗಳನ್ನು ನಾನು ಗಮನಿಸಿದ್ದೇನೆ. ಹೆಚ್ಚಿನವು ಪುಟ್ಟವು, ಕೆಲವಕ್ಕೆ ಕಟ್ಟಡ ಸ್ವಂತದ್ದು, ಪಟ್ಟಿ ಉದ್ದವಿಲ್ಲ. ಗುಮಾಸ್ತರು ಕೂತು ಪೇಪರು ಓದುತ್ತಾ ಎರಡನೇ ಕಾಫಿ ಕುಡಿಯುವ ಜಾಗಗಳು ಅವು.

ಇದೆಲ್ಲ ಗೊತ್ತಾಗಿ ತಿದ್ದಿಕೊಳ್ಳುವಷ್ಟರಲ್ಲಿ 2018ರ ಆಗಸ್ಟ್ ಬಂತು. ಮಕ್ಕಂದೂರು, ಜೋಡುಪಾಲ ಕಡೆಗಳಲ್ಲಿ ಗುಡ್ಡಗಳೇ ಜಾರಿದವು. ಮನೆ, ತೋಟ, ಜೀವ ಕಳೆದುಕೊಂಡವರ ಮುಂದೆ ನಮ್ಮ ನಷ್ಟ ಯಾವ ಲೆಕ್ಕ? ಅಂಗಡಿಯ ಅಕ್ಕಿ ಬೇಳೆ ಪರಿಹಾರ ಕೇಂದ್ರಕ್ಕೆ ಹೋಯಿತು, ವಾರಗಿತ್ತಿಯೂ ಅಲ್ಲಿಯೇ ಸೌಟು ಹಿಡಿದಳು. ಪ್ರವಾಸಿಗಳು ಸದ್ಯಕ್ಕೆ ಬರಬೇಡಿ ಅಂತ ಜಿಲ್ಲಾಡಳಿತವೇ ಹೇಳಿತು, ಹೇಳಲೇಬೇಕಿತ್ತು. ಅನುಮತಿ ಸಿಕ್ಕ ಮೇಲೂ ಜನರ ಮನಸ್ಸಿನ ಭಯ ಬೇಗ ಹೋಗಲಿಲ್ಲ. 2019ರ ಆಗಸ್ಟಿನಲ್ಲಿ ಮತ್ತೆ ಪ್ರವಾಹ. ಹೇಗೋ ಆ ಡಿಸೆಂಬರ್ ಚೆನ್ನಾಗಾಯಿತು, ಬೇಸಿಗೆ ರಜೆಗೆ ಅಂತ ಹೊಸ ಕುರ್ಚಿ ತರಿಸಿದರು. 2020ರ ಮಾರ್ಚಿನಲ್ಲಿ ಲಾಕ್‌ಡೌನ್. ಆ ಕುರ್ಚಿಗಳ ಪ್ಲಾಸ್ಟಿಕ್ ಹೊದಿಕೆ ಬಿಚ್ಚಲೇ ಇಲ್ಲ. ಜೂನಿನಲ್ಲಿ ಮೈದುನ ಬೀಗದ ಕೈ ಮಾಲೀಕರಿಗೆ ಕೊಟ್ಟು ಬಂದು, ಮಳೆಯಲ್ಲಿ ನೆನೆದುಕೊಂಡೇ ನಮ್ಮ ಜಗಲಿಯಲ್ಲಿ ಕೂತ. ವಾರಗಿತ್ತಿ ಹೇಳಿದ್ದು ಒಂದೇ ಮಾತು, "ಅಕ್ಕಾ, ನಿಮ್ಮ ಬಳೆ ಬಿಡಿಸಿ ಕೊಡೋವರೆಗೂ ನಾನು ಚಿನ್ನ ಹಾಕಲ್ಲ." ಹಾಕಲೂ ಇಲ್ಲ. ಚೀಟಿ ಕಟ್ಟಿ 2022ರಲ್ಲಿ ಬಿಡಿಸಿ ತಂದು ಅರಿಶಿನ ಕುಂಕುಮದ ತಟ್ಟೆಯಲ್ಲಿ ಇಟ್ಟು ಕೊಟ್ಟಳು.

ಬಿಡಿಸಿದ್ದು ಹೇಗೆ ಅಂತೀರಾ? ಮನೆಯಲ್ಲೇ ಕಡಂಬುಟ್ಟು ಬೇಯಿಸಿ! ಹೋಂಸ್ಟೇಯವರಿಗೇ ಕೊಡುತ್ತಾಳೆ, ಮದುವೆ ಮನೆಗಳಿಗೂ ಕೊಡುತ್ತಾಳೆ. ಪಕ್ಕದ ಮನೆಯ ಕೊಡವರ ಅಜ್ಜಿ ಕಲಿಸಿಕೊಟ್ಟದ್ದು. ಇದಕ್ಕೆ ಹಿಟ್ಟು ಹುದುಗಬೇಕಾಗಿಲ್ಲ, ಯಾವ ಚಳಿಗೂ ಮುನಿಯುವುದಿಲ್ಲ. ಮಳೆ ನಾಡಿನವರು ಯೋಚಿಸದೆ ಮಾಡಿದ ಅಡುಗೆಯಲ್ಲ ಇದು. ಕೇಳಿ: ಎರಡು ಲೋಟ ನೀರಿಗೆ ಉಪ್ಪು, ಒಂದು ಚಮಚ ತುಪ್ಪ, ಬೇಕಾದರೆ ಒಂದು ಏಲಕ್ಕಿ ಹಾಕಿ ಕುದಿಸಿ. ಒಂದು ಲೋಟ ಅಕ್ಕಿ ತರಿಯನ್ನು ಗಂಟಾಗದಂತೆ ಉದುರಿಸಿ, ಸಣ್ಣ ಉರಿಯಲ್ಲಿ ನೀರು ಇಂಗುವವರೆಗೆ ಮುಚ್ಚಿಡಿ. ಕೈಗೆ ನೀರು ಹಚ್ಚಿಕೊಂಡು ಬಿಸಿ ಇರುವಾಗಲೇ ನಿಂಬೆಹಣ್ಣಿಗಿಂತ ತುಸು ದೊಡ್ಡ ಉಂಡೆ ಕಟ್ಟಿ, ಇಡ್ಲಿ ಪಾತ್ರೆಯಲ್ಲಿ ಕಾಲು ಗಂಟೆ ಬೇಯಿಸಿ. ಆರಿದ ಮೇಲೆ ಕಟ್ಟಿದರೆ ಬಿರುಕು ಬಿಡುತ್ತದೆ, ನೆನಪಿರಲಿ.

ಮಗನಿಗೆ ಪುಸ್ತಕ ಪೂರ್ತಿ ಓದಿಸಿದೆ. ಮುಖ ಸಣ್ಣದಾಯಿತು. "ಹಾಗಾದ್ರೆ ಬೇಡ ಅಂತೀಯಾ?" ಅಂದ. "ಬೇಡ ಅನ್ನಲ್ಲ. ನೀನು ಭಾನುವಾರ ನೋಡಿದ್ದೀಯ. ಒಂದು ಮಂಗಳವಾರ, ಮಳೆ ಹುಯ್ತಾ ಇರೋವಾಗ, ಆ ಮಳಿಗೆ ಎದುರು ಬೆಳಗಿಂದ ಸಂಜೆವರೆಗೂ ಕೂತು ಹೋಗೋ ಬರೋರನ್ನ ಎಣಿಸಿಕೊಂಡು ಬಾ, ಆಮೇಲೆ ಬಳೆ ಮಾತಾಡೋಣ" ಅಂದೆ. ಅವರಪ್ಪ ಪೇಪರಿನ ಹಿಂದೆ ನಕ್ಕರೋ ಕೆಮ್ಮಿದರೋ ಗೊತ್ತಾಗಲಿಲ್ಲ.

ಕಳೆದ ಮಂಗಳವಾರ ಹೋದ. ಛತ್ರಿ, ಒಂದು ನೋಟ್‌ಬುಕ್ಕು, ನಾನು ಕಟ್ಟಿಕೊಟ್ಟ ಚಿತ್ರಾನ್ನ. ಸಂಜೆ ಆರಕ್ಕೆ ಪ್ಯಾಂಟು ಮೊಣಕಾಲವರೆಗೆ ನೆನೆದು ಬಂದ. ಬಿಸಿ ಕಾಫಿ ಕೊಟ್ಟು ಪುಸ್ತಕ ನೋಡಿದೆ. ಹೊರ ಊರಿನ ಕಾರು ಒಂಬತ್ತು, ನಿಂತದ್ದು ಎರಡು. ನಾನು ಏನೂ ಹೇಳಲಿಲ್ಲ. ಅವನೇ ಪುಟ ತಿರುಗಿಸಿದ. ಆ ಕಡೆ ಬೇರೆ ಏನೋ ಬರೆದುಕೊಂಡಿದ್ದಾನೆ, ಹನ್ನೊಂದು ಗಂಟೆಗೆ ಇಷ್ಟು ಜನ, ಒಂದೂವರೆಗೆ ಇಷ್ಟು, ನಾಲ್ಕಕ್ಕೆ ಇಷ್ಟು, ಎಲ್ಲ ಕಚೇರಿಗಳ ಕಡೆಯಿಂದ ಛತ್ರಿ ಹಿಡಿದು ನಡೆದು ಬಂದವರು.

"ಅಮ್ಮಾ, ಇವರೆಲ್ಲ ಕಾಫಿಗೆ ಬಸ್‌ಸ್ಟ್ಯಾಂಡ್ ಕಡೆ ಇಳಿದು ಹೋಗ್ತಾರೆ. ಅಲ್ಲಿ ಹಿಂದಿನ ಬೀದೀಲಿ ಮಳಿಗೆ ಬಾಡಿಗೆ ಎಷ್ಟಿರಬಹುದು?"

"ಚಿಕ್ಕಪ್ಪನ್ನ ಕೇಳು" ಅಂದೆ. ಬಳೆ ಇನ್ನೂ ಬೀರುವಿನಲ್ಲೇ ಇವೆ. ಬರುವ ಮಂಗಳವಾರ ಅವನೂ ಚಿಕ್ಕಪ್ಪನೂ ಇಬ್ಬರೂ ಹೋಗುತ್ತಾರಂತೆ, ಚಿತ್ರಾನ್ನ ಎರಡು ಡಬ್ಬಿಗೆ ಕಟ್ಟಬೇಕು.