ಸೋಲುವ ಔಷಧ ತಟ್ಟೆಯಲ್ಲೇ ಸೋಲಲಿ

ನವಿ ಮುಂಬೈನ ಸಾನಪಾಡಾದಿಂದ ಠಾಣೆ ಕಡೆಯ ಲೋಕಲ್ ಹತ್ತಿದರೆ, ತುರ್ಭೆ ದಾಟುತ್ತಿದ್ದಂತೆ ಟಿಟಿಸಿ ಕೈಗಾರಿಕಾ ಪ್ರದೇಶ ಉದ್ದಕ್ಕೂ ಜೊತೆಗೇ ಬರುತ್ತದೆ. ಔಷಧ ತಯಾರಿಸುವ ಕಂಪನಿಗಳೂ ಅದನ್ನು ಮನುಷ್ಯರ ಮೇಲೆ ಪರೀಕ್ಷಿಸುವ ಕಂಪನಿಗಳೂ ಅಲ್ಲಿವೆ. ಆರೋಗ್ಯವಂತ ಸ್ವಯಂಸೇವಕನನ್ನು ವಾರ್ಡಿನಲ್ಲಿ ಉಳಿಸಿಕೊಂಡು, ಗುಳಿಗೆ ನುಂಗಿಸಿ, ಕೈಗೆ ಚುಚ್ಚಿಟ್ಟ ಸೂಜಿಯಿಂದ ಮತ್ತೆ ಮತ್ತೆ ರಕ್ತ ತೆಗೆದು, ಔಷಧ ಎಷ್ಟು ಮೈಗೆ ಹತ್ತಿತು ಎಂದು ಅಳೆಯುತ್ತಾರೆ. ಹಣಕ್ಕಾಗಿ ಹೋಗಿ ಮಲಗುವವರು ಪಾಮ್ ಬೀಚ್ ರಸ್ತೆಯ ದುಬಾರಿ ಫ್ಲ್ಯಾಟಿನವರಲ್ಲ.

ಈ ಪರೀಕ್ಷೆಗಳನ್ನು ನಾಳೆಯೇ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಆದರೆ ಮೊದಲೇ ಸೋಸಬಹುದಾದ ಔಷಧವನ್ನು ಸೋಸದೆ ಮನುಷ್ಯರ ಮೈಗೆ ಕಳಿಸುವುದು ಅನ್ಯಾಯ. ಸೋಸುವ ದಾರಿ ಈಗ ಇದೆ. 2009ರಲ್ಲಿ ನೆದರ್ಲೆಂಡ್ಸ್‌ನ ಹಾನ್ಸ್ ಕ್ಲೆವರ್ಸ್ ತಂಡ ಇಲಿಯ ಕರುಳಿನ ಒಂದೇ ಆಕರಕೋಶದಿಂದ ಪ್ರಯೋಗಾಲಯದ ತಟ್ಟೆಯಲ್ಲಿ ಉಂಡೆಯಂಥ ಪುಟ್ಟ ಕರುಳನ್ನು, ಅಂದರೆ ಆರ್ಗನಾಯ್ಡನ್ನು ಬೆಳೆಸಿತು. 2011ರ ಹೊತ್ತಿಗೆ ಮನುಷ್ಯರ ಕರುಳಿನದೂ ಬೆಳೆಯಿತು. ಎಂಡೋಸ್ಕೋಪಿಯಲ್ಲಿ ತೆಗೆದ ಸಾಸಿವೆಯಷ್ಟು ತುಣುಕು ಸಾಕು. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯ ರೋಗಿಯ ಕೋಶದಿಂದ ಬೆಳೆದ ಉಂಡೆಗೆ ಔಷಧ ಹಾಕಿದಾಗ, ಅದು ಆ ರೋಗಿಗೆ ಫಲಿಸುವಂತಿದ್ದರೆ ಉಂಡೆ ಸೂಕ್ಷ್ಮದರ್ಶಕದಡಿ ಉಬ್ಬಿಕೊಳ್ಳುತ್ತದೆ. ಉಬ್ಬದಿದ್ದರೆ ಬೇರೆ ಔಷಧ ಹುಡುಕಬೇಕು.

ಪ್ರಾಣಿಗಳ ಮೇಲೆ ಪರೀಕ್ಷಿಸಿದ್ದೇವಲ್ಲ ಎನ್ನುವವರು 1993ರ ಫಿಯಾಲುರಿಡಿನ್ ದುರಂತವನ್ನು ನೆನೆಯಲಿ. ಹೆಪಟೈಟಿಸ್ ಬಿಗೆಂದು ತಯಾರಾದ ಆ ಔಷಧ ಪ್ರಾಣಿಗಳಲ್ಲಿ ಅಪಾಯದ ಸುಳಿವನ್ನೇ ಕೊಟ್ಟಿರಲಿಲ್ಲ. ಅಮೆರಿಕದಲ್ಲಿ ಅದನ್ನು ಪಡೆದ 15 ರೋಗಿಗಳಲ್ಲಿ 5 ಮಂದಿ ಸತ್ತರು. ಇಬ್ಬರು ಉಳಿದದ್ದು ಯಕೃತ್ತಿನ ಕಸಿಯಿಂದ.

ಆರ್ಗನಾಯ್ಡ್ ಮಾರುವವರ ಅತ್ಯುತ್ಸಾಹವೂ ನನಗೆ ಒಪ್ಪಿಗೆಯಿಲ್ಲ. ಆ ಉಂಡೆಯಲ್ಲಿ ರಕ್ತ ಹರಿಯುವುದಿಲ್ಲ. ಔಷಧ ಹೀರುವ ಮೈ ಒಳಮುಖವಾಗಿರುವುದರಿಂದ ಉಂಡೆಯನ್ನು ಬಿಡಿಸಿ ಪೊರೆಯ ಮೇಲೆ ಹರಡಬೇಕು. ಅದು ಬೆಳೆಯುವ ಮ್ಯಾಟ್ರಿಜೆಲ್ ಎಂಬ ಅಂಟು ಬರುವುದು ಇಲಿಯ ಗಡ್ಡೆಯಿಂದಲೇ. ಪ್ರಾಣಿ ಸಂಪೂರ್ಣ ಪಾರಾಯಿತು ಎನ್ನುವುದು ಸುಳ್ಳು.

ಆದರೂ ಅಪಕ್ವ ತಂತ್ರಜ್ಞಾನ ಎಂದು ತಳ್ಳಿಹಾಕುವ ವಾದ ನಿಲ್ಲದು. ದೊಡ್ಡ ಕರುಳಿನ ಕ್ಯಾನ್ಸರ್‌ನಿಂದ ಬಂದ ಕಾಕೋ-2 ಕೋಶಗಳ ಫಲಿತಾಂಶವನ್ನು ನಂಬಿ, ಕೆಲವು ಗುಳಿಗೆಗಳಿಗೆ ಮಾನವ ಪರೀಕ್ಷೆಯಿಂದಲೇ ವಿನಾಯಿತಿ ಕೊಡಲು 2019ರ ಅಂತರರಾಷ್ಟ್ರೀಯ ಮಾರ್ಗಸೂಚಿ ಅವಕಾಶ ಮಾಡಿದೆ. ಆ ಕೋಶಗಳಲ್ಲಿ ಔಷಧ ಒಡೆಯುವ ಸಿವೈಪಿ3ಎ4 ಎಂಬ ಕಿಣ್ವ ತೀರ ಕಡಿಮೆ. ಅಂಥ ಕೋಶದ ಸಾಕ್ಷ್ಯ ಒಪ್ಪುವುದಾದರೆ, ಆರೋಗ್ಯವಂತ ಸಣ್ಣಕರುಳಿನಿಂದ ಬೆಳೆದ ಆರ್ಗನಾಯ್ಡನ್ನು ಪರೀಕ್ಷಿಸಿ ನೋಡಲು ಹಿಂಜರಿಕೆ ಏಕೆ?

2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಿಗೆ ತಿದ್ದುಪಡಿ ತಂದು ಪ್ರಾಣಿಯೇತರ ವಿಧಾನಗಳಿಗೆ ಬಾಗಿಲು ತೆರೆಯಿತು. ಬರೀ ಅವಕಾಶ ಸಾಲದು. ಯಾವ ಔಷಧಕ್ಕೆ ಯಾವ ಆರ್ಗನಾಯ್ಡ್, ಎಷ್ಟು ದಾನಿಗಳ ಕೋಶ, ಎಂಥ ಫಲಿತಾಂಶ ಬಂದರೆ ಒಪ್ಪಿಗೆ ಎಂಬುದನ್ನು ಔಷಧ ನಿಯಂತ್ರಕರು ಬರೆದು ಹೇಳಬೇಕು. ಹೇಳದಿದ್ದರೆ ಕಂಪನಿಗಳು ಹಳೆಯ ದಾರಿಯನ್ನೇ ಹಿಡಿಯುತ್ತವೆ.

ಸರ್ಕಾರಿ ಹಣದಲ್ಲಿ ಭಾರತೀಯ ದಾನಿಗಳ ಕೋಶಭಂಡಾರವೂ ಬೇಕು. ನಮ್ಮ ಖಾರ್ಘರ್‌ನಲ್ಲೇ ಟಾಟಾ ಮೆಮೋರಿಯಲ್‌ನ ಕ್ಯಾನ್ಸರ್ ಸಂಶೋಧನಾ ಕೇಂದ್ರ ಆಕ್ಟ್ರೆಕ್ ಇದೆ, ಅಂಥ ಸಂಸ್ಥೆಗಳಿಗೆ ಆ ಹೊಣೆ ಕೊಡಲಿ. ಆದರೆ 1951ರಲ್ಲಿ ಅಮೆರಿಕದ ಕ್ಯಾನ್ಸರ್ ರೋಗಿ ಹೆನ್ರಿಯೆಟಾ ಲ್ಯಾಕ್ಸ್‌ರ ಕೋಶಗಳನ್ನು ಅವರಿಗೆ ತಿಳಿಸದೆ ತೆಗೆದಂತೆ ಇಲ್ಲಿ ಆಗಕೂಡದು. ಕಲಬುರಗಿ, ವಿಜಯಪುರದಿಂದ ಚಿಕಿತ್ಸೆಗೆ ಬರುವವರ ಮುಂದಿಡುವ ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು. ಓದಲು ಬಾರದವರಿಗೆ ಓದಿ ಹೇಳಬೇಕು. ಕೋಶ ಯಾವ ಕಂಪನಿಗೆ ಹೋಗುತ್ತದೆ, ಲಾಭದಲ್ಲಿ ಪಾಲಿದೆಯೇ, ಬೇಡವೆಂದರೂ ಚಿಕಿತ್ಸೆ ನಿಲ್ಲುವುದಿಲ್ಲವೇ ಎಂಬ ಮೂರಕ್ಕೂ ಸಹಿಗೆ ಮೊದಲೇ ಉತ್ತರ ಸಿಗಬೇಕು.